ಗೋಪ್ರೊ ವಿಡಿಯೊ ತುಂಡುಗಳು: ಜೋಡಿಸುವ ಮುನ್ನ ಸಾಲಿಗೆ ತನ್ನಿ

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿಯುವಷ್ಟು ಹೊತ್ತೂ ಹೆಲ್ಮೆಟ್ಟಿನ ಮೇಲಿದ್ದ ಗೋಪ್ರೊ ಕ್ಯಾಮೆರಾ ನಿಂತೇ ಇಲ್ಲ. ಗುಂಡಿ ಒತ್ತಿದ್ದು ಮೇಲೆ ಒಮ್ಮೆ, ಕೆಳಗೆ ಸೋಮೇಶ್ವರದಲ್ಲಿ ಇನ್ನೊಮ್ಮೆ. ಆದರೆ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಒಂದು ವಿಡಿಯೊ ಇರಬೇಕಾದಲ್ಲಿ ಮೂರು ಕಾಣುತ್ತವೆ. ಅವೂ ಒಟ್ಟಿಗಿಲ್ಲ, ಬೇರೆ ವಿಡಿಯೊಗಳ ನಡುವೆ ಚೆಲ್ಲಾಪಿಲ್ಲಿಯಾಗಿವೆ. ಹೊಸದಾಗಿ ಕ್ಯಾಮೆರಾ ಕೊಂಡವರು ಇದನ್ನು ಕಂಡೊಡನೆ ವಿಡಿಯೊ ಜೋಡಿಸುವ ತಂತ್ರಾಂಶ ಹುಡುಕಲು ಹೊರಡುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲಿಯೇ. ಜೋಡಿಸುವುದು ಈ ಕೆಲಸದ ಕೊನೆಯ, ಎಲ್ಲಕ್ಕಿಂತ ಸುಲಭದ ಭಾಗ. ಎಷ್ಟೋ ಸಲ ಅದರ ಅಗತ್ಯವೇ ಇರುವುದಿಲ್ಲ. ತುಂಡುಗಳನ್ನು ಕಳೆದುಕೊಳ್ಳದೆ, ಸರಿಯಾದ ಸಾಲಿನಲ್ಲಿ ಇಟ್ಟುಕೊಳ್ಳುವುದೇ ನಿಜವಾದ ಕೆಲಸ.

ಇಲ್ಲಿ ಗೋಪ್ರೊವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೇರೆ ಕಂಪನಿಗಳ ಕ್ಯಾಮೆರಾಗಳು ಫೈಲಿಗೆ ಹೆಸರಿಡುವ ಕ್ರಮ ಬೇರೆ, ಉಳಿದ ಹಂತಗಳೆಲ್ಲ ಹೆಚ್ಚುಕಡಿಮೆ ಇವೇ.

ಕ್ಯಾಮೆರಾ ಏಕೆ ತುಂಡು ಮಾಡುತ್ತದೆ

32 ಜಿಬಿವರೆಗಿನ ಕಾರ್ಡುಗಳು ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆಯಲ್ಲಿ ಕೆಲಸ ಮಾಡುತ್ತವೆ. ಅದರಲ್ಲಿ ಒಂದು ಫೈಲಿನ ಗಾತ್ರವನ್ನು ಬರೆದಿಡಲು ಇರುವುದು 32 ಬಿಟ್‌ಗಳ ಜಾಗ. ಹಾಗಾಗಿ ಯಾವ ಫೈಲೂ 4,29,49,67,295 ಬೈಟ್‌ಗಳನ್ನು, ಅಂದರೆ 4 ಜಿಬಿಯನ್ನು, ಮೀರುವಂತಿಲ್ಲ. ಆ ಗಡಿ ಹತ್ತಿರವಾದಂತೆ ಕ್ಯಾಮೆರಾ ಒಂದು ಫೈಲನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತದೆ. ಚಿತ್ರೀಕರಣ ನಡೆದೇ ಇರುತ್ತದೆ, ನಡುವೆ ದೃಶ್ಯ ಬಿಟ್ಟುಹೋಗುವುದಿಲ್ಲ. ಇಂಥ ಒಂದೊಂದು ತುಂಡನ್ನು ಗೋಪ್ರೊ ಚಾಪ್ಟರ್ ಎಂದು ಕರೆಯುತ್ತದೆ.

64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಕಾರ್ಡುಗಳಲ್ಲಿ ಇರುವುದು ಎಕ್ಸ್‌ಫ್ಯಾಟ್. ಅದಕ್ಕೆ ಈ ಗಡಿಯಿಲ್ಲ. ಆದರೂ ಕ್ಯಾಮೆರಾ ತುಂಡು ಮಾಡುವುದನ್ನು ಬಿಟ್ಟಿಲ್ಲ. ಹೊಸ ಮಾದರಿಗಳಲ್ಲಿ ತುಂಡಿನ ಗಾತ್ರ ಸುಮಾರು 12 ಜಿಬಿವರೆಗೆ ಬೆಳೆದಿದೆ, ಅಷ್ಟೆ. ಇದರಿಂದ ಬಳಸುವವರಿಗೆ ಲಾಭವೂ ಇದೆ. ಬ್ಯಾಟರಿ ಏಕಾಏಕಿ ಸತ್ತರೆ ಅಥವಾ ಕ್ಯಾಮೆರಾ ಕಳಚಿ ರಸ್ತೆಗೆ ಬಿದ್ದರೆ ಕೆಡುವುದು ಆಗ ತೆರೆದಿದ್ದ ಕೊನೆಯ ತುಂಡು ಮಾತ್ರ. ಅದಕ್ಕೂ ಹಿಂದಿನವು ಮುಚ್ಚಿಹೋಗಿ ಭದ್ರವಾಗಿರುತ್ತವೆ. ಇಡೀ ಗಂಟೆಯ ಪಯಣ ಒಂದೇ ಫೈಲಿನಲ್ಲಿದ್ದಿದ್ದರೆ ಇಡೀ ಗಂಟೆಯೇ ಕೈಬಿಡುತ್ತಿತ್ತು. ಹಾಗಾಗಿ ತುಂಡುಗಳನ್ನು ಬೈಯಬೇಡಿ.

ಎಷ್ಟು ಹೊತ್ತಿಗೊಂದು ತುಂಡು ಎಂಬುದು ಬಿಟ್‌ರೇಟ್ ಮೇಲೆ, ಅಂದರೆ ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ದತ್ತಾಂಶ ಬರೆಯಲಾಗುತ್ತದೆ ಎಂಬುದರ ಮೇಲೆ, ನಿಂತಿದೆ. ಲೆಕ್ಕ ಸುಲಭ. 5ಕೆ ಗುಣಮಟ್ಟದಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಎಂದಿಟ್ಟುಕೊಳ್ಳಿ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೆಗಾಬೈಟ್, ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ. ಅಂದರೆ ಸರಿಸುಮಾರು ಐದು ಮುಕ್ಕಾಲು ನಿಮಿಷಕ್ಕೆ 4 ಜಿಬಿಯ ಒಂದು ತುಂಡು. ಬಿಟ್‌ರೇಟ್ 60ಕ್ಕೆ ಇಳಿದರೆ ಅದೇ ತುಂಡು ಒಂಬತ್ತೂವರೆ ನಿಮಿಷ ಬರುತ್ತದೆ. ಈ ಲೆಕ್ಕ ಮನಸ್ಸಿನಲ್ಲಿದ್ದರೆ ಒಂದು ಕಾರ್ಡು ಎಷ್ಟು ಹೊತ್ತು ಬಾಳುತ್ತದೆ ಎಂಬುದೂ ಮೊದಲೇ ಗೊತ್ತಾಗುತ್ತದೆ: 100 ಮೆಗಾಬಿಟ್‌ನಲ್ಲಿ 128 ಜಿಬಿ ಕಾರ್ಡಿಗೆ ಮೂರು ಗಂಟೆಯೂ ಪೂರ್ತಿ ಹಿಡಿಸುವುದಿಲ್ಲ.

ಹೆಸರನ್ನು ಓದುವುದು

ಗೊಂದಲದ ಬೇರು ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಹೀರೊ 6 ಮತ್ತು ನಂತರದ ಮಾದರಿಗಳಲ್ಲಿ ಫೈಲಿನ ಹೆಸರು ಜಿಎಕ್ಸ್010047 ಎಂಬ ರೀತಿಯಲ್ಲಿರುತ್ತದೆ. (ಪರದೆಯಲ್ಲಿ ಇದು ಇಂಗ್ಲಿಷ್ ಅಕ್ಷರಗಳಲ್ಲಿ ಕಾಣುತ್ತದೆ.) ಮೊದಲ ಎರಡು ಅಕ್ಷರ ಸಂಕೋಚನದ ಬಗೆಯನ್ನು ಹೇಳುತ್ತವೆ: ಜಿಎಕ್ಸ್ ಎಂದಿದ್ದರೆ ಎಚ್‌ಇವಿಸಿ, ಜಿಎಚ್ ಎಂದಿದ್ದರೆ ಹಳೆಯ ಎವಿಸಿ. ಮುಂದಿನ ಎರಡು ಅಂಕಿ ತುಂಡಿನ ಸಂಖ್ಯೆ. ಕೊನೆಯ ನಾಲ್ಕು ಅಂಕಿ ಚಿತ್ರೀಕರಣದ ಸಂಖ್ಯೆ. ಅಂದರೆ ಇದು 47ನೇ ಚಿತ್ರೀಕರಣದ ಮೊದಲ ತುಂಡು.

ತುಂಡಿನ ಸಂಖ್ಯೆ ಮುಂದೆ, ಚಿತ್ರೀಕರಣದ ಸಂಖ್ಯೆ ಹಿಂದೆ. ಕಂಪ್ಯೂಟರ್ ಹೆಸರನ್ನು ಎಡದಿಂದ ಬಲಕ್ಕೆ ಓದಿ ಸಾಲು ಮಾಡುತ್ತದೆ. ಆಗುಂಬೆ ಇಳಿದ ಹದಿನಾರು ನಿಮಿಷದ ವಿಡಿಯೊ 47ನೆಯದು, ಮೂರು ತುಂಡು. ಸೋಮೇಶ್ವರದಿಂದ ಹೆಬ್ರಿಯ ಕಡೆಗೆ ಹೊರಟದ್ದು 48ನೆಯದು, ಎರಡು ತುಂಡು ಎನ್ನಿ. ಫೋಲ್ಡರಿನಲ್ಲಿ ಅವು ಹೀಗೆ ನಿಲ್ಲುತ್ತವೆ:

ಜಿಎಕ್ಸ್010047
ಜಿಎಕ್ಸ್010048
ಜಿಎಕ್ಸ್020047
ಜಿಎಕ್ಸ್020048
ಜಿಎಕ್ಸ್030047

ಇದೇ ಸಾಲಿನಲ್ಲಿ ಜೋಡಿಸಿದರೆ ಬೈಕು ಅರ್ಧ ಘಾಟಿ ಇಳಿದು, ಹೆಬ್ರಿಯ ದಾರಿ ಹಿಡಿದು, ಮತ್ತೆ ಏಳನೇ ತಿರುವಿಗೆ ಹಾರಿ ಬರುತ್ತದೆ. ನೋಡುವವರಿಗೆ ತಲೆ ತಿರುಗಲು ಘಾಟಿಯೇ ಬೇಕಿಲ್ಲ.

ಹೀರೊ 5 ಮತ್ತು ಅದಕ್ಕೂ ಹಿಂದಿನ ಕ್ಯಾಮೆರಾಗಳ ಕ್ರಮ ಇನ್ನೂ ವಿಚಿತ್ರ. ಮೊದಲ ತುಂಡಿಗೆ ಜಿಒಪಿಆರ್0047 ಎಂಬ ಹೆಸರು. ಎರಡನೆಯದಕ್ಕೆ ಜಿಪಿ010047, ಮೂರನೆಯದಕ್ಕೆ ಜಿಪಿ020047. ಇಲ್ಲಿ 01 ಎಂದಿರುವುದು ಎರಡನೇ ತುಂಡು ಎಂಬುದನ್ನು ಮರೆಯಬೇಡಿ. ಬಂಧುಗಳ ಹಳೆಯ ಹೀರೊ 4 ಕಾರ್ಡು ಕೈಗೆ ಬಂದರೆ ಈ ವಿವರ ಬೇಕಾಗುತ್ತದೆ.

ಎಲ್ಲದರಲ್ಲೂ ಬದಲಾಗದ ಒಂದೇ ಸಂಗತಿ ಕೊನೆಯ ನಾಲ್ಕು ಅಂಕಿ. ಅವನ್ನೇ ಹಿಡಿದುಕೊಂಡರೆ ಉಳಿದದ್ದು ದಾರಿಗೆ ಬರುತ್ತದೆ.

ಮೊದಲು ನಕಲು, ಆಮೇಲೆ ಉಳಿದದ್ದು

ಕಾರ್ಡಿನಲ್ಲಿರುವಾಗಲೇ ಹೆಸರು ಬದಲಿಸುವುದು, ಅಳಿಸುವುದು, ಕತ್ತರಿಸುವುದು ಬೇಡ. ಕಾರ್ಡನ್ನು ಕ್ಯಾಮೆರಾದಿಂದ ತೆಗೆದು ಕಾರ್ಡ್ ರೀಡರಿಗೆ ಹಾಕಿ. ಕೇಬಲ್ ಹಾಕಿಯೂ ನಕಲು ಮಾಡಬಹುದು, ಆದರೆ ಆಗ ಕ್ಯಾಮೆರಾದ ಬ್ಯಾಟರಿ ನಡುವೆ ಕೈಕೊಡಬಹುದು. ಕೆಲವು ಕಂಪ್ಯೂಟರುಗಳಲ್ಲಿ ಕ್ಯಾಮೆರಾ ಸಾಮಾನ್ಯ ಡ್ರೈವಿನಂತೆ ಕಾಣುವುದೂ ಇಲ್ಲ. ಮೊಬೈಲಿಗೆ ವೈಫೈ ಮೂಲಕ ಕಳಿಸುವುದು ಒಂದೆರಡು ನಿಮಿಷದ ತುಣುಕಿಗೆ ಸರಿ, 45 ಜಿಬಿಗೆ ಅಲ್ಲ.

ಕಾರ್ಡಿನ ಒಳಗೆ ಡಿಸಿಐಎಂ ಎಂಬ ಫೋಲ್ಡರು, ಅದರೊಳಗೆ 100ಗೋಪ್ರೊ ಎಂಬ ಇನ್ನೊಂದು ಇರುತ್ತದೆ. ಒಳಗಿನ ಫೈಲುಗಳನ್ನು ಹೆಕ್ಕಿಕೊಳ್ಳಬೇಡಿ, ಡಿಸಿಐಎಂ ಫೋಲ್ಡರನ್ನೇ ಇಡಿಯಾಗಿ ನಕಲು ಮಾಡಿ. ಕಂಪ್ಯೂಟರಿನಲ್ಲಿ ಅದಕ್ಕೊಂದು ತಂದೆ ಫೋಲ್ಡರು ಮಾಡಿ ದಿನಾಂಕ ಮತ್ತು ಸ್ಥಳದ ಹೆಸರಿಡಿ. ಒಂದಕ್ಕಿಂತ ಹೆಚ್ಚು ಕಾರ್ಡು ಅಥವಾ ಕ್ಯಾಮೆರಾ ಇದ್ದರೆ ಪ್ರತಿಯೊಂದಕ್ಕೂ ಬೇರೆ ಫೋಲ್ಡರು. ಎರಡು ಕಾರ್ಡುಗಳಲ್ಲಿ ಒಂದೇ ಹೆಸರಿನ ಫೈಲು ಇರುವ ಸಾಧ್ಯತೆ ಸಾಕಷ್ಟಿದೆ. ಎರಡನ್ನೂ ಒಂದೇ ಕಡೆ ಸುರಿದಾಗ ಕಂಪ್ಯೂಟರ್ "ಬದಲಿಸಲೇ?" ಎಂದು ಕೇಳುತ್ತದೆ, ಅವಸರದಲ್ಲಿ ಹೌದು ಎಂದರೆ ಮೊದಲಿನದು ಹೋಯಿತು.

ನಕಲು ಮುಗಿದ ಮೇಲೆ ಕಾರ್ಡಿನ ಫೋಲ್ಡರು ಮತ್ತು ಕಂಪ್ಯೂಟರಿನ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಒಟ್ಟು ಬೈಟ್ ಎರಡನ್ನೂ ಹೋಲಿಸಿ. ಇನ್ನೂ ಗಟ್ಟಿ ಮಾಡಿಕೊಳ್ಳಬೇಕೆಂದರೆ ವಿಂಡೋಸ್‌ನಲ್ಲಿ ಟೆರಾಕಾಪಿಯಂಥ ತಂತ್ರಾಂಶ ನಕಲಾದ ಪ್ರತಿ ಫೈಲನ್ನೂ ಮರಳಿ ಓದಿ ತಾಳೆ ನೋಡುತ್ತದೆ. ಮದುವೆ, ಯಕ್ಷಗಾನದಂಥ ಮತ್ತೆ ಸಿಗದ ಚಿತ್ರೀಕರಣಕ್ಕೆ ಈ ಹೆಚ್ಚಿನ ಹೊತ್ತು ದಂಡವಲ್ಲ.

ಫೋಲ್ಡರಿನಲ್ಲಿ ವಿಡಿಯೊದ ಜೊತೆಗೆ ಹೆಸರಿನ ಕೊನೆಗೆ ಟಿಎಚ್‌ಎಂ ಮತ್ತು ಎಲ್‌ಆರ್‌ವಿ ಎಂಬ ಬಾಲವಿರುವ ಫೈಲುಗಳೂ ಕಾಣುತ್ತವೆ. ಟಿಎಚ್‌ಎಂ ಎಂದರೆ ಸಣ್ಣ ಮುಖಚಿತ್ರ, ಬೇಡವಾದರೆ ಬಿಸಾಡಿ. ಎಲ್‌ಆರ್‌ವಿಯನ್ನು ಮಾತ್ರ ಬಿಸಾಡಬೇಡಿ. ಅದು ಅದೇ ವಿಡಿಯೊದ ಕಡಿಮೆ ಗುಣಮಟ್ಟದ ಪುಟ್ಟ ಪ್ರತಿ. ಅದರ ಬಾಲವನ್ನು ಎಂಪಿ4 ಎಂದು ಬದಲಿಸಿದರೆ ಯಾವ ಪ್ಲೇಯರಿನಲ್ಲೂ ಓಡುತ್ತದೆ. 5ಕೆ ವಿಡಿಯೊ ತೆರೆದರೆ ಏದುಸಿರು ಬಿಡುವ ಹಳೆಯ ಲ್ಯಾಪ್‌ಟಾಪಿನಲ್ಲೂ ಇದು ಸರಾಗ. ಯಾವ ತುಂಡಿನಲ್ಲಿ ಏನಿದೆ, ಯಾವುದು ಬೇಕು ಎಂದು ನೋಡಿ ಗುರುತು ಹಾಕಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಸಾಲಿಗೆ ತರುವುದು

ಫೋಲ್ಡರಿನ ಹುಡುಕುವ ಪೆಟ್ಟಿಗೆಯಲ್ಲಿ 0047 ಎಂದು ಬರೆಯಿರಿ. ಆ ಚಿತ್ರೀಕರಣದ ಎಲ್ಲ ತುಂಡುಗಳೂ ಅವುಗಳ ಎಲ್‌ಆರ್‌ವಿಗಳೂ ಎದುರಿಗೆ ಬರುತ್ತವೆ. ಎಲ್ಲವನ್ನೂ ಆರಿಸಿ "0047-ಆಗುಂಬೆ" ಎಂಬ ಹೊಸ ಫೋಲ್ಡರಿಗೆ ಸರಿಸಿ. 0048ಕ್ಕೂ ಹಾಗೆಯೇ. ಇಷ್ಟೇ. ಒಂದು ಚಿತ್ರೀಕರಣಕ್ಕೆ ಒಂದು ಫೋಲ್ಡರು ಎಂದಾದ ಕೂಡಲೇ ಹೆಸರಿನ ಪ್ರಕಾರದ ಸಾಲು ತಾನಾಗಿ ಸರಿಹೋಗುತ್ತದೆ: 01, 02, 03. ಹಳೆಯ ಮಾದರಿಗಳಲ್ಲೂ ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಒ ಎಂಬುದು ಪಿಗಿಂತ ಮುಂಚೆ ಬರುವುದರಿಂದ ಜಿಒಪಿಆರ್ ಮೊದಲು ನಿಂತು ಜಿಪಿಗಳು ಅದರ ಹಿಂದೆ ನಿಲ್ಲುತ್ತವೆ.

ಹತ್ತಾರು ಚಿತ್ರೀಕರಣಗಳಿದ್ದರೆ ಹೆಸರನ್ನೇ ಸಗಟಾಗಿ ಬದಲಿಸಬಹುದು. ಚಿತ್ರೀಕರಣದ ಸಂಖ್ಯೆ ಮುಂದೆ, ತುಂಡಿನ ಸಂಖ್ಯೆ ಹಿಂದೆ ಬರುವಂತೆ, 0047-01, 0047-02 ಎಂದು. ವಿಂಡೋಸ್‌ನಲ್ಲಿ ಪವರ್‌ಟಾಯ್ಸ್ ಜೊತೆ ಬರುವ ಪವರ್‌ರೀನೇಮ್ ಇದನ್ನು ಮಾಡುತ್ತದೆ. ಆದರೆ ನನ್ನ ಒಲವು ಫೋಲ್ಡರುಗಳ ಕಡೆಗೇ. ಮೂಲ ಹೆಸರು ಉಳಿದರೆ ಮುಂದೆ ಯಾವುದಾದರೂ ತುಂಡು ಕಾಣೆಯಾಗಿದೆಯೇ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ, ಗೋಪ್ರೊ ಹೆಸರನ್ನು ನೋಡಿಯೇ ಕೆಲಸ ಮಾಡುವ ತಂತ್ರಾಂಶಗಳಿಗೂ ತೊಂದರೆಯಾಗುವುದಿಲ್ಲ.

ದಿನಾಂಕದ ಪ್ರಕಾರ ಸಾಲು ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಬಹಳ ಸಲ ಸಾಕು. ಆದರೆ ಬ್ಯಾಟರಿ ಪೂರ್ತಿ ಖಾಲಿಯಾಗಿ ಬಹಳ ದಿನ ಬಿದ್ದಿದ್ದ ಕ್ಯಾಮೆರಾದ ಗಡಿಯಾರ ಯಾವುದೋ ಹಳೆಯ ದಿನಾಂಕಕ್ಕೆ ಹೋಗಿ ಕೂತಿರುತ್ತದೆ. ನಕಲು ಮಾಡುವಾಗ ಫೈಲು ಹುಟ್ಟಿದ ದಿನಾಂಕವೂ ಬದಲಾಗಬಹುದು. ಹೆಸರಿನ ಅಂಕಿ ಮಾತ್ರ ಮೋಸ ಮಾಡುವುದಿಲ್ಲ.

ಜೋಡಿಸಬೇಕೇ?

ನೀವು ಎಡಿಟ್ ಮಾಡುವವರಾದರೆ ಬೇಡ. ಡಾವಿಂಚಿ ರಿಸಾಲ್ವ್, ಕೆಡೆನ್‌ಲೈವ್ ಅಥವಾ ಇನ್ಯಾವುದೇ ಎಡಿಟರಿನ ಟೈಮ್‌ಲೈನಿನಲ್ಲಿ ತುಂಡುಗಳನ್ನು ಅಂತರ ಬಿಡದೆ ಒಂದರ ಹಿಂದೊಂದು ಇಟ್ಟರೆ ಮುಗಿಯಿತು. ಕೊನೆಗೆ ಹೇಗಿದ್ದರೂ ಹೊಸ ಫೈಲೇ ಹೊರಬರುತ್ತದೆ. ಮೊದಲು ಜೋಡಿಸಿ ಆಮೇಲೆ ಕತ್ತರಿಸುವುದೆಂದರೆ 12 ಜಿಬಿ ಜಾಗ ಸುಮ್ಮನೆ ತಿಂದಂತೆ. ಮೊಬೈಲಿನಲ್ಲೇ ಎಲ್ಲ ಮಾಡುವವರಿಗೂ ಇದೇ ಮಾತು.

ಜೋಡಿಸಬೇಕಾಗುವುದು ಪೂರ್ತಿ ಚಿತ್ರೀಕರಣವನ್ನು ಹಾಗೆಯೇ ನೋಡಲು, ಯೂಟ್ಯೂಬಿಗೆ ಇಡಿಯಾಗಿ ಹಾಕಲು ಅಥವಾ ಬೇರೆಯವರಿಗೆ ಒಂದೇ ಫೈಲಾಗಿ ಕೊಡಲು. ಊರಿನ ಯಕ್ಷಗಾನವನ್ನು ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಹಿಡಿದವರಿಗೆ ಇದು ಬೇಕೇ ಬೇಕು. ಭಾಗವತರ ಪದ ನಡುವೆ ತುಂಡಾಗಿ ಮುಂದಿನ ಫೈಲು ಹುಡುಕುವಂತಾದರೆ ಯಾರೂ ನೋಡುವುದಿಲ್ಲ. (ಇಡೀ ರಾತ್ರಿಯ ಆಟಕ್ಕೆ ಈ ಪುಟ್ಟ ಕ್ಯಾಮೆರಾ ಹೇಳಿ ಮಾಡಿಸಿದ್ದಲ್ಲ. ಬೈಕಿನ ಮೇಲೆ ಗಾಳಿ ಬಡಿದು ತಣ್ಣಗಿರುವ ಅದು ಒಂದೇ ಕಡೆ ನಿಂತು 5ಕೆ ಹಿಡಿದರೆ ಬಿಸಿಯೇರಿ ನಿಂತುಬಿಡುತ್ತದೆ. ಅಂಥ ಕಡೆ 1080ಕ್ಕೆ ಇಳಿಸಿ.)

ಜೋಡಿಸುವ ಬಗೆ

ಜೋಡಣೆಯಲ್ಲಿ ಎರಡು ಬಗೆ. ಒಂದರಲ್ಲಿ ತಂತ್ರಾಂಶ ಪ್ರತಿ ಚೌಕಟ್ಟನ್ನೂ ಬಿಚ್ಚಿ ಮತ್ತೆ ಸಂಕೋಚಿಸುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಗುಣಮಟ್ಟವೂ ಇಳಿಯುತ್ತದೆ. ಇನ್ನೊಂದರಲ್ಲಿ ಒಳಗಿನ ದತ್ತಾಂಶವನ್ನು ಮುಟ್ಟದೆ ಹಾಗೆಯೇ ಒಂದರ ಹಿಂದೊಂದು ಇಟ್ಟು ಹೊಸ ಹೊದಿಕೆ ಹಾಕುತ್ತದೆ. ಡಿಸ್ಕು ಎಷ್ಟು ಬೇಗ ನಕಲು ಮಾಡಬಲ್ಲದೋ ಅಷ್ಟೇ ಹೊತ್ತು, ಗುಣಮಟ್ಟದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ನಮಗೆ ಬೇಕಾದದ್ದು ಇದು. ಒಂದೇ ಚಿತ್ರೀಕರಣದ ತುಂಡುಗಳ ರೆಸಲ್ಯೂಶನ್, ಫ್ರೇಮ್ ರೇಟ್, ಸಂಕೋಚನ ಎಲ್ಲವೂ ಒಂದೇ ಆಗಿರುವುದರಿಂದ ಇದು ಸಾಧ್ಯ. ಬೇರೆ ಬೇರೆ ಸೆಟ್ಟಿಂಗಿನಲ್ಲಿ ಹಿಡಿದ ವಿಡಿಯೊಗಳನ್ನು ಹೀಗೆ ಬೆಸೆಯಲು ಹೋಗಬೇಡಿ.

ಲಾಸ್‌ಲೆಸ್‌ಕಟ್ ಎಂಬ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ, ಇದರ ಮೂಲಸಂಕೇತವೂ ಮುಕ್ತ. 0047 ಫೋಲ್ಡರಿನ ಮೂರು ವಿಡಿಯೊಗಳನ್ನು ಅದರ ಕಿಟಕಿಗೆ ಎಳೆದು ಹಾಕಿ, ಜೋಡಿಸುವ ಆಯ್ಕೆ ಒತ್ತಿ. ಪಟ್ಟಿಯಲ್ಲಿ 01, 02, 03 ಎಂದೇ ಇದೆಯೇ ಎಂದು ಕಣ್ಣಾರೆ ನೋಡಿ ಒಪ್ಪಿಗೆ ಕೊಡಿ. ಎಲ್‌ಆರ್‌ವಿ ನುಸುಳಿದ್ದರೆ ತೆಗೆಯಿರಿ.

ಕಮಾಂಡ್ ಬರೆಯಲು ಹೆದರದವರಿಗೆ ಎಫ್‌ಎಫ್‌ಎಂಪೆಗ್ ಇದೆ. ಲಾಸ್‌ಲೆಸ್‌ಕಟ್ ಒಳಗೆ ದುಡಿಯುವುದೂ ಅದೇ. ತುಂಡುಗಳ ಹೆಸರನ್ನು ಸಾಲಿಗೊಂದರಂತೆ ಒಂದು ಪಠ್ಯ ಫೈಲಿನಲ್ಲಿ ಬರೆದು, ಕಾನ್‌ಕ್ಯಾಟ್ ವಿಧಾನ ಆರಿಸಿ, ಕೋಡೆಕ್ ಜಾಗದಲ್ಲಿ ಕಾಪಿ ಎಂದು ಹೇಳಬೇಕು. ಈ ಕಾಪಿ ಎಂಬುದನ್ನು ಬಿಟ್ಟರೆ ಅದು ಸದ್ದಿಲ್ಲದೆ ಮರುಸಂಕೋಚನಕ್ಕೆ ಇಳಿಯುತ್ತದೆ.

ವಿಂಡೋಸ್‌ನ ಹಳೆಯ ಕಾಪಿ ಕಮಾಂಡಿಗೆ ಕೂಡಿಸುವ ಚಿಹ್ನೆ ಹಾಕಿ ಮೂರು ಫೈಲುಗಳನ್ನು ಒಂದು ಮಾಡುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಎಂಪಿ4ಗೆ ಅದು ನಡೆಯುವುದಿಲ್ಲ. ಪುಸ್ತಕಕ್ಕೆ ಪರಿವಿಡಿ ಇರುವಂತೆ ಪ್ರತಿ ಎಂಪಿ4 ಫೈಲಿನೊಳಗೂ ಯಾವ ಚೌಕಟ್ಟು ಎಲ್ಲಿದೆ ಎಂಬ ಸೂಚಿಯಿರುತ್ತದೆ. ಮೂರನ್ನು ಬರಿದೇ ಅಂಟಿಸಿದರೆ ಗಾತ್ರ 12 ಜಿಬಿ ಆಗುತ್ತದೆ ನಿಜ, ಪ್ಲೇಯರು ಮಾತ್ರ ಮೊದಲ ಸೂಚಿಯನ್ನು ಓದಿ ಮೊದಲ ತುಂಡನ್ನಷ್ಟೇ ತೋರಿಸಿ ನಿಲ್ಲುತ್ತದೆ. ಗಾತ್ರ ಸರಿಯಿದೆಯೆಂದು ನಂಬಿ ಮೂಲ ಅಳಿಸಿದರೆ ಕಥೆ ಮುಗಿಯಿತು. ಇನ್ನು ಜಾಲತಾಣಕ್ಕೆ ಹತ್ತಿಸಿ ಜೋಡಿಸುವ ಸೇವೆಗಳ ಬಗ್ಗೆ ಹೇಳುವುದು ಬೇಡ. 12 ಜಿಬಿ ಹತ್ತಿಸಿ 12 ಜಿಬಿ ಇಳಿಸುವಷ್ಟು ಹೊತ್ತಿನಲ್ಲಿ ಮತ್ತೊಮ್ಮೆ ಆಗುಂಬೆಗೇ ಹೋಗಿ ಬರಬಹುದು.

ಜಿಪಿಎಸ್ ಬೇಕಿದ್ದರೆ ಎಚ್ಚರ. ಗೋಪ್ರೊ ವಿಡಿಯೊದ ಫೈಲಿನಲ್ಲಿ ಚಿತ್ರ ಮತ್ತು ಧ್ವನಿಯ ಜೊತೆಗೆ ಇನ್ನೊಂದು ಹಳಿಯಲ್ಲಿ (ಟ್ರ್ಯಾಕ್) ಜೈರೊಸ್ಕೋಪ್, ವೇಗೋತ್ಕರ್ಷ, ಜಿಪಿಎಸ್ ಇರುವ ಮಾದರಿಗಳಲ್ಲಿ ಸ್ಥಳ ಮತ್ತು ವೇಗದ ಮಾಹಿತಿಯೂ ಇರುತ್ತದೆ. (ಹೀರೊ 12ರಲ್ಲಿ ಜಿಪಿಎಸ್ ಕೈಬಿಟ್ಟಿದ್ದರು, ಹೀರೊ 13ರಲ್ಲಿ ಮರಳಿ ತಂದರು.) ಎಫ್‌ಎಫ್‌ಎಂಪೆಗ್ ಬೇರೆ ಏನೂ ಹೇಳದಿದ್ದರೆ ಒಂದು ಚಿತ್ರದ ಹಳಿ, ಒಂದು ಧ್ವನಿಯ ಹಳಿ ಎತ್ತಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ವಿಡಿಯೊದ ಮೂಲೆಯಲ್ಲಿ ವೇಗ ತೋರಿಸಬೇಕೆಂದಿದ್ದರೆ ಅಥವಾ ಜೈರೋಫ್ಲೋ ಎಂಬ ತಂತ್ರಾಂಶದಲ್ಲಿ ಅಲುಗಾಟ ತೆಗೆಯಬೇಕೆಂದಿದ್ದರೆ ಆ ಹಳಿ ಉಳಿಯಲೇಬೇಕು. ಲಾಸ್‌ಲೆಸ್‌ಕಟ್‌ನಲ್ಲಿ ಎಲ್ಲ ಹಳಿಗಳನ್ನೂ ಸೇರಿಸುವ ಆಯ್ಕೆಯಿದೆ, ಪ್ರತಿ ಸಲವೂ ಫಲ ಸಿಗುತ್ತದೆಂಬ ಖಾತರಿಯಿಲ್ಲ. ಜೈರೋಫ್ಲೋ ತಂಡವೇ ಮಾಡಿರುವ ಎಂಪಿ4 ಮರ್ಜ್ ಎಂಬ ಪುಟ್ಟ ಸಾಧನ ಈ ಮಾಹಿತಿಯನ್ನು ಉಳಿಸಿ ಜೋಡಿಸಲೆಂದೇ ಇರುವುದು, ಅದು ಮೇಲು.

ಜೋಡಿಸಿದ ಮೇಲೆ ಮೂರು ಸಂಗತಿ ನೋಡಿ. ಹೊಸ ಫೈಲಿನ ಗಾತ್ರ ತುಂಡುಗಳ ಮೊತ್ತಕ್ಕೆ ಹತ್ತಿರವಿರಬೇಕು. ತೀರಾ ಚಿಕ್ಕದಾಗಿದ್ದರೆ ಮರುಸಂಕೋಚನ ನಡೆದಿದೆ. ಅವಧಿಯೂ ಮೊತ್ತಕ್ಕೆ ಸಮನಾಗಿರಬೇಕು. ಆಮೇಲೆ ಪ್ರತಿ ಬೆಸುಗೆಯ ಜಾಗಕ್ಕೆ ಹೋಗಿ, ನಮ್ಮ ಉದಾಹರಣೆಯಲ್ಲಿ ಐದು ಮುಕ್ಕಾಲು ಮತ್ತು ಹನ್ನೊಂದೂವರೆ ನಿಮಿಷದ ಆಸುಪಾಸು, ಹತ್ತು ಸೆಕೆಂಡು ನೋಡಿ ಕೇಳಿ. ಚಿತ್ರ ಹಾರಬಾರದು. ಧ್ವನಿಯಲ್ಲಿ ಸಣ್ಣದೊಂದು ಟಿಕ್ ಕೇಳಿಸಬಹುದು, ಬೈಕಿನ ಸದ್ದಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಸಂಗೀತ ಕಛೇರಿಯಾದರೆ ಎಡಿಟರಿನಲ್ಲಿ ಸರಿಪಡಿಸಿ.

ಕೆಟ್ಟ ಕೊನೆಯ ತುಂಡು

ಎಂಪಿ4ನ ಆ ಸೂಚಿ ಬರೆಯಲಾಗುವುದು ಫೈಲು ಮುಚ್ಚುವಾಗ. ಮುಚ್ಚುವ ಮುನ್ನವೇ ವಿದ್ಯುತ್ ಹೋದರೆ ದೃಶ್ಯವೆಲ್ಲ ಕಾರ್ಡಿನಲ್ಲಿದ್ದರೂ ಫೈಲು ತೆರೆಯುವುದಿಲ್ಲ. ಆ ಕಾರ್ಡಿನ ಮೇಲೆ ಹೊಸದೇನನ್ನೂ ಚಿತ್ರಿಸಬೇಡಿ. ತುಂಬಿದ ಬ್ಯಾಟರಿ ಹಾಕಿ ಅದೇ ಕ್ಯಾಮೆರಾದಲ್ಲಿ ಕಾರ್ಡನ್ನಿಟ್ಟು ಚಾಲೂ ಮಾಡಿದರೆ ಗೋಪ್ರೊ ತಾನೇ ಕೆಟ್ಟ ಫೈಲನ್ನು ಗುರುತಿಸಿ ದುರಸ್ತಿಗೆ ಯತ್ನಿಸುತ್ತದೆ. ಅದೂ ಆಗದಿದ್ದರೆ ಅನ್‌ಟ್ರಂಕ್ ಎಂಬ ಉಚಿತ ಸಾಧನವಿದೆ. ಅದಕ್ಕೆ ಅದೇ ಕ್ಯಾಮೆರಾದ, ಅದೇ ಸೆಟ್ಟಿಂಗಿನ ಒಂದು ಸುಸ್ಥಿತಿಯ ಫೈಲು ಮಾದರಿಯಾಗಿ ಬೇಕು. ತುಂಡುಗಳಿರುವುದರಿಂದ ಅದು ಕೈಯಲ್ಲೇ ಇದೆ: 03 ಕೆಟ್ಟಿದ್ದರೆ 02 ಅನ್ನು ಮಾದರಿಯಾಗಿ ಕೊಡಿ, ಅದಕ್ಕಿಂತ ಹತ್ತಿರದ ಜೋಡಿ ಇನ್ನೊಂದಿಲ್ಲ.

ಇಡುವುದು, ಕೊಡುವುದು, ಅಳಿಸುವುದು

ಜೋಡಿಸಿದ 12 ಜಿಬಿ ಫೈಲನ್ನು ಪೆನ್‌ಡ್ರೈವಿಗೆ ಹಾಕಲು ಹೋದಾಗ, 64 ಜಿಬಿ ಖಾಲಿಯಿದ್ದರೂ, "ಫೈಲು ತುಂಬಾ ದೊಡ್ಡದು" ಎಂಬ ಉತ್ತರ ಬಂದರೆ ಕಾರಣ ಅದೇ ಫ್ಯಾಟ್32. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಿ. ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲೇ ತೆಗೆದಿಟ್ಟುಕೊಳ್ಳಿ. ಕೆಲವು ಹಳೆಯ ಟಿವಿಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ. ಅಂಥ ಟಿವಿಗೆ ತುಂಡುಗಳನ್ನೇ ಸರಿಯಾದ ಸಾಲಿನಲ್ಲಿ ಕೊಡುವುದು ಜಾಣತನ. ಯೂಟ್ಯೂಬಿಗಾದರೆ ಚಿಂತೆಯಿಲ್ಲ, ದೃಢೀಕರಿಸಿದ ಖಾತೆಗೆ 256 ಜಿಬಿ ಅಥವಾ 12 ಗಂಟೆಯವರೆಗೆ ಅವಕಾಶವಿದೆ.

ಜೋಡಿಸಿದ್ದನ್ನು ಇಟ್ಟು ಮೂಲ ತುಂಡುಗಳನ್ನು ಅಳಿಸಬಹುದೇ? ನಾನು ತಿರುಗಾಮುರುಗಾ ಮಾಡುತ್ತೇನೆ. ಮೂಲ ತುಂಡುಗಳು ಎರಡು ಬೇರೆ ಡಿಸ್ಕುಗಳಲ್ಲಿ ಇರುತ್ತವೆ. ಜೋಡಿಸಿದ ಫೈಲು ಕೆಲಸ ಮುಗಿದ ಮೇಲೆ ಹೋಗುತ್ತದೆ. ಬೇಕೆಂದಾಗ ಕೆಲವೇ ನಿಮಿಷದಲ್ಲಿ ಮತ್ತೆ ಜೋಡಿಸಬಹುದಾದ ವಸ್ತುವಿಗೆ ಜಾಗ ಏಕೆ ಕೊಡಬೇಕು?

ಎರಡು ಕಡೆ ನಕಲು ಆದ ಮೇಲಷ್ಟೇ ಕಾರ್ಡಿನ ಸರದಿ. ಕಂಪ್ಯೂಟರಿನಲ್ಲಿ ಒಂದೊಂದೇ ಫೈಲು ಅಳಿಸುತ್ತ ಕೂರದೆ ಕ್ಯಾಮೆರಾದೊಳಗೇ ಫಾರ್ಮ್ಯಾಟ್ ಮಾಡಿ. ಹೊಸ ಕಾರ್ಡು ಕೊಳ್ಳುವುದಾದರೆ ವಿ30 ಎಂಬ ಗುರುತಿದೆಯೇ ನೋಡಿ. ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತಲೇ ಇರಬಲ್ಲದು ಎಂಬುದು ಅದರ ಅರ್ಥ. ಮೇಲೆ ಲೆಕ್ಕ ಹಾಕಿದ 12.5ಕ್ಕೆ ಅಷ್ಟು ಧಾರಾಳ. ಮುಂದಿನ ಸಲ ಘಾಟಿ ಇಳಿಯುವಾಗ ಒಳ್ಳೆಯ ದೃಶ್ಯ ಕಂಡೊಡನೆ ಮೋಡ್ ಗುಂಡಿಯನ್ನು ಒಮ್ಮೆ ಒತ್ತಿ. ಅದು ಹೈಲೈಟ್ ಎಂಬ ಗುರುತನ್ನು ವಿಡಿಯೊದೊಳಗೇ ಹಾಕುತ್ತದೆ, ಅಷ್ಟೂ ತುಂಡುಗಳನ್ನು ಕೂತು ನೋಡುವ ಕೆಲಸ ತಪ್ಪುತ್ತದೆ. ತಿರುವಿನ ನಡುವೆ ಕೈ ತೆಗೆದು ಒತ್ತಲು ಹೋಗಬೇಡಿ, "ಗೋಪ್ರೊ ಹೈಲೈಟ್" ಎಂದು ಬಾಯಲ್ಲಿ ಹೇಳಿದರೂ ಅದಕ್ಕೆ ಕೇಳಿಸುತ್ತದೆ, ಗಾಳಿಯ ಸದ್ದು ಮೀರಿ ಕೂಗಬೇಕು ಅಷ್ಟೆ.